ಮೈಕೆಲ್ ಫ್ಯಾರಡೆ (1791–1867): ಜೀವನ, ಸಾಧನೆ ಹಾಗೂ ದಿನನಿತ್ಯದ ವಿದ್ಯುತ್

ಪೀಠಿಕೆ

ಮನೆ, ಅಂಗಡಿ, ಕಾರ್ಖಾನೆ ಅಥವಾ ಕೃಷಿ ಪಂಪ್‌ಸೆಟ್‌ಗೆ ವಿದ್ಯುತ್ ಸಂಪರ್ಕ ಕೋರಿ ಅರ್ಜಿ ಸಲ್ಲಿಸುವ ನಾಗರಿಕರು ಕಿಲೋವ್ಯಾಟ್, ಅಶ್ವಶಕ್ತಿ, ಮೀಟರ್, ಟ್ರಾನ್ಸ್‌ಫಾರ್ಮರ್, ಅರ್ತಿಂಗ್ ಮೊದಲಾದ ಪದಗಳನ್ನು ಹಲವು ಬಾರಿ ಎದುರಿಸಬೇಕಾಗುತ್ತದೆ. ಅರ್ಜಿಯ ಕಾಲಂಗಳನ್ನು ತುಂಬುವ ಅನೇಕರಿಗೆ ಈ ಪದಗಳ ಅರ್ಥ ಸ್ಪಷ್ಟವಾಗಿರುವುದಿಲ್ಲ. ಇವುಗಳ ಹಿಂದಿರುವ ಭೌತಶಾಸ್ತ್ರದ ತತ್ತ್ವಗಳಲ್ಲಿ ಹಲವನ್ನು ತಮ್ಮ ಪ್ರಯೋಗಗಳ ಮೂಲಕ ಜಗತ್ತಿಗೆ ತೋರಿಸಿಕೊಟ್ಟವರು ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆ. ಬಡ ಕಮ್ಮಾರನ ಮಗನಾಗಿ ಜನಿಸಿ, ಕಾಲೇಜು ಶಿಕ್ಷಣದ ಅವಕಾಶವಿಲ್ಲದೆಯೇ ಮಹಾನ್ ವಿಜ್ಞಾನಿಯಾದ ಇವರ ಜೀವನವನ್ನೂ, ಇವರ ಶೋಧನೆಗಳು ದಿನನಿತ್ಯದ ಬಳಕೆಯಲ್ಲಿ ಹಾಗೂ ವಿದ್ಯುತ್ ಸುರಕ್ಷತೆಯಲ್ಲಿ ವಹಿಸುವ ಪಾತ್ರವನ್ನೂ ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಮೈಕೆಲ್ ಫ್ಯಾರಡೆಯವರು 1791ರ ಸೆಪ್ಟೆಂಬರ್ 22ರಂದು, ಇಂದು ಲಂಡನ್ ನಗರದ ಭಾಗವಾಗಿರುವ ನ್ಯೂಯಿಂಗ್ಟನ್ ಬಟ್ಸ್ ಎಂಬಲ್ಲಿ ಜನಿಸಿದರು. ತಂದೆ ಜೇಮ್ಸ್ ಫ್ಯಾರಡೆ ಕಮ್ಮಾರ ವೃತ್ತಿಯವರು. ತಾಯಿ ಮಾರ್ಗರೆಟ್. ನಾಲ್ವರು ಮಕ್ಕಳಲ್ಲಿ ಮೈಕೆಲ್ ಮೂರನೆಯವರು. ತಂದೆಯ ಆರೋಗ್ಯ ಸರಿಯಿರಲಿಲ್ಲವಾದ್ದರಿಂದ ಕುಲುಮೆಯ ಕೆಲಸ ನಿಯಮಿತವಾಗಿ ನಡೆಯುತ್ತಿರಲಿಲ್ಲ. 1801ರ ಸುಮಾರಿಗೆ ಧಾನ್ಯದ ಬೆಲೆ ವಿಪರೀತ ಏರಿದಾಗ ಬಾಲಕ ಮೈಕೆಲ್‌ನ ಪಾಲಿಗೆ ವಾರಕ್ಕೆ ಒಂದು ರೊಟ್ಟಿ ಮಾತ್ರ ದೊರೆಯುತ್ತಿತ್ತೆಂದು ಜೀವನಚರಿತ್ರಕಾರರು ದಾಖಲಿಸಿದ್ದಾರೆ. ಓದು, ಬರಹ ಮತ್ತು ಸರಳ ಲೆಕ್ಕ ಇಷ್ಟೇ ಇವರಿಗೆ ಶಾಲೆಯಲ್ಲಿ ದೊರೆತ ಶಿಕ್ಷಣ.

ಪುಸ್ತಕದಂಗಡಿಯಲ್ಲಿ ಕಲಿಕೆ

1804ರಲ್ಲಿ ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ಪತ್ರಿಕೆ ತಲುಪಿಸುವ ಹುಡುಗನಾಗಿ ಸೇರಿದ ಫ್ಯಾರಡೆ, ಮರುವರ್ಷ ಅಲ್ಲಿಯೇ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸವನ್ನು ಕಲಿಯಲು ಏಳು ವರ್ಷಗಳ ಕರಾರಿಗೆ ಒಳಪಟ್ಟರು. ರಟ್ಟು ಕಟ್ಟಲು ಬರುತ್ತಿದ್ದ ಪುಸ್ತಕಗಳನ್ನು ಬಿಡುವಿನ ವೇಳೆಯಲ್ಲಿ ಓದಲು ಮಾಲೀಕರು ಅಡ್ಡಿಪಡಿಸಲಿಲ್ಲ. ಜೇನ್ ಮಾರ್ಸೆಟ್ ಅವರು ರಸಾಯನಶಾಸ್ತ್ರದ ಬಗ್ಗೆ ಸಾಮಾನ್ಯರಿಗಾಗಿ ಬರೆದ ಪುಸ್ತಕ ಮತ್ತು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ವಿದ್ಯುತ್ ಕುರಿತ ಲೇಖನ ಇವರ ಬದುಕಿನ ದಿಕ್ಕನ್ನು ಬದಲಿಸಿದವು. ಓದಿದ್ದನ್ನು ಹಾಗೆಯೇ ನಂಬದೆ, ಕೈಯಲ್ಲಿದ್ದ ಅಲ್ಪ ಹಣದಲ್ಲಿ ಸಾಮಗ್ರಿ ಕೊಂಡು ತಾವೇ ಪರೀಕ್ಷಿಸಿ ನೋಡುವ ಅಭ್ಯಾಸ ಇಲ್ಲಿಯೇ ಆರಂಭವಾಯಿತು.

1810ರಿಂದ ಲಂಡನ್ನಿನಲ್ಲಿ ಜಾನ್ ಟಾಟಮ್ ಎಂಬುವರು ನೀಡುತ್ತಿದ್ದ ವಿಜ್ಞಾನ ಉಪನ್ಯಾಸಗಳಿಗೆ ಫ್ಯಾರಡೆ ಹಾಜರಾಗತೊಡಗಿದರು. ಪ್ರತಿ ಉಪನ್ಯಾಸಕ್ಕೆ ತಗಲುತ್ತಿದ್ದ ಒಂದು ಷಿಲಿಂಗ್ ಶುಲ್ಕವನ್ನು ಕಮ್ಮಾರ ವೃತ್ತಿಯಲ್ಲಿದ್ದ ಅಣ್ಣ ರಾಬರ್ಟ್ ಭರಿಸುತ್ತಿದ್ದರು. 1812ರಲ್ಲಿ ಅಂಗಡಿಯ ಗ್ರಾಹಕರೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಪ್ರಸಿದ್ಧ ವಿಜ್ಞಾನಿ ಹಂಫ್ರಿ ಡೇವಿ ಅವರ ಉಪನ್ಯಾಸಗಳನ್ನು ಕೇಳಲು ಟಿಕೆಟುಗಳನ್ನು ಕೊಡಿಸಿದರು. ಫ್ಯಾರಡೆ ಪ್ರತಿ ಉಪನ್ಯಾಸದ ಟಿಪ್ಪಣಿಯನ್ನು ಚಿತ್ರಗಳ ಸಹಿತ ಶುದ್ಧವಾಗಿ ಬರೆದು, ತಾವೇ ರಟ್ಟು ಕಟ್ಟಿ, ಕೆಲಸ ಕೋರಿದ ಪತ್ರದೊಂದಿಗೆ ಡೇವಿ ಅವರಿಗೆ ಕಳುಹಿಸಿದರು. ಯಾವ ಪ್ರಮಾಣಪತ್ರವೂ ಇಲ್ಲದ ಯುವಕನಿಗೆ ಆ ಟಿಪ್ಪಣಿ ಪುಸ್ತಕವೇ ಅರ್ಹತಾ ಪತ್ರವಾಯಿತು. 1813ರ ಮಾರ್ಚ್ 1ರಂದು ಇವರು ರಾಯಲ್ ಇನ್‌ಸ್ಟಿಟ್ಯೂಷನ್‌ನ ಪ್ರಯೋಗಶಾಲಾ ಸಹಾಯಕರಾಗಿ ನೇಮಕಗೊಂಡರು.

ಅದೇ ವರ್ಷದ ಅಕ್ಟೋಬರ್‌ನಿಂದ 1815ರ ಏಪ್ರಿಲ್‌ವರೆಗೆ ಡೇವಿ ದಂಪತಿಗಳೊಂದಿಗೆ ಯುರೋಪಿನ ಪ್ರವಾಸ ಕೈಗೊಂಡರು. ಈ ಪ್ರವಾಸದಲ್ಲಿ ಇವರನ್ನು ಸೇವಕನಂತೆಯೂ ದುಡಿಸಿಕೊಳ್ಳಲಾಯಿತು. ಆ ಅವಮಾನವನ್ನು ಸಹಿಸಿಕೊಂಡ ಫ್ಯಾರಡೆಗೆ ಪ್ಯಾರಿಸ್‌ನಲ್ಲಿ ಆಂಪಿಯರ್, ಮಿಲಾನ್‌ನಲ್ಲಿ ವೋಲ್ಟಾ ಅವರಂತಹ ವಿಜ್ಞಾನಿಗಳನ್ನು ಕಾಣುವ ಅವಕಾಶ ದೊರೆಯಿತು. ವಿದ್ಯುತ್ ಪ್ರವಾಹದ ಮಾನವಾದ ಆಂಪಿಯರ್ ಮತ್ತು ವಿದ್ಯುತ್ ಒತ್ತಡದ ಮಾನವಾದ ವೋಲ್ಟ್ ಇವರಿಬ್ಬರ ಹೆಸರನ್ನೇ ಹೊತ್ತಿವೆ.

ವಿದ್ಯುತ್ತಿನಿಂದ ಚಲನೆ: ಮೋಟಾರಿನ ಮೂಲ

1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್, ವಿದ್ಯುತ್ ಹರಿಯುವ ತಂತಿಯ ಬಳಿ ಇರಿಸಿದ ದಿಕ್ಸೂಚಿಯ ಮುಳ್ಳು ಅತ್ತಿತ್ತ ತಿರುಗುವುದನ್ನು ಪ್ರಕಟಿಸಿದರು. ವಿದ್ಯುತ್ತಿಗೂ ಕಾಂತತ್ವಕ್ಕೂ ಸಂಬಂಧವಿದೆ ಎಂಬುದು ಇದರಿಂದ ಖಚಿತವಾಯಿತು. ಫ್ಯಾರಡೆಯವರು ಇದನ್ನು ಕೂಲಂಕಷವಾಗಿ ಪರಿಶೀಲಿಸಿ, 1821ರ ಸೆಪ್ಟೆಂಬರ್‌ನಲ್ಲಿ ಒಂದು ಸರಳ ಉಪಕರಣವನ್ನು ರಚಿಸಿದರು. ಪಾದರಸ ತುಂಬಿದ ಬಟ್ಟಲಿನಲ್ಲಿ ಕಾಂತವೊಂದನ್ನು ನೆಟ್ಟಗೆ ನಿಲ್ಲಿಸಿ, ಮೇಲಿನಿಂದ ತೂಗುಬಿಟ್ಟ ತಂತಿಯ ತುದಿ ಪಾದರಸವನ್ನು ಮುಟ್ಟುವಂತೆ ಮಾಡಲಾಯಿತು. ತಂತಿಯ ಮೂಲಕ ವಿದ್ಯುತ್ ಹರಿಸಿದಾಗ ಅದು ಕಾಂತದ ಸುತ್ತ ನಿರಂತರವಾಗಿ ಸುತ್ತತೊಡಗಿತು.

ವಿದ್ಯುತ್ ಹರಿಯುವ ತಂತಿಯನ್ನು ಕಾಂತಕ್ಷೇತ್ರದಲ್ಲಿ ಇರಿಸಿದರೆ ಅದರ ಮೇಲೆ ಬಲ ಉಂಟಾಗುತ್ತದೆ ಎಂಬುದೇ ಇಲ್ಲಿನ ತತ್ತ್ವ. ಆ ಬಲವನ್ನು ಅಕ್ಷದ ಸುತ್ತ ತಿರುಗುವಂತೆ ಒದಗಿಸಿದರೆ ಮೋಟಾರು ಆಗುತ್ತದೆ. ಫ್ಯಾನು, ಮಿಕ್ಸಿ, ಹಿಟ್ಟಿನ ಗಿರಣಿ, ನೀರೆತ್ತುವ ಪಂಪ್‌ಸೆಟ್ ಇವೆಲ್ಲವೂ ವಿದ್ಯುತ್ ಶಕ್ತಿಯನ್ನು ಯಾಂತ್ರಿಕ ಶಕ್ತಿಯನ್ನಾಗಿ ಪರಿವರ್ತಿಸುವ ಸಾಧನಗಳು. ಮೋಟಾರಿನ ಸಾಮರ್ಥ್ಯವನ್ನು ಅಶ್ವಶಕ್ತಿಯಲ್ಲಿ ಹೇಳುವುದು ವಾಡಿಕೆ. ಒಂದು ಅಶ್ವಶಕ್ತಿ ಎಂದರೆ ಸುಮಾರು 746 ವ್ಯಾಟ್. ಆದುದರಿಂದ 5 ಅಶ್ವಶಕ್ತಿಯ ಪಂಪ್‌ಸೆಟ್ಟಿನ ಸಾಮರ್ಥ್ಯ ಸುಮಾರು 3.73 ಕಿಲೋವ್ಯಾಟ್ ಆಗುತ್ತದೆ. ಮೋಟಾರಿನ ಒಳಗೆ ಘರ್ಷಣೆ ಹಾಗೂ ಶಾಖದ ರೂಪದಲ್ಲಿ ನಷ್ಟವಾಗುವುದರಿಂದ, ಅದು ತಂತಿಯಿಂದ ಪಡೆಯುವ ವಿದ್ಯುತ್ ಇದಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ.

ಈ ಯಶಸ್ಸು ಫ್ಯಾರಡೆಗೆ ಕೀರ್ತಿಯ ಜೊತೆಗೆ ಕಷ್ಟವನ್ನೂ ತಂದಿತು. ಹಿರಿಯ ವಿಜ್ಞಾನಿ ವೊಲಾಸ್ಟನ್ ಅವರೂ ಇದೇ ದಿಕ್ಕಿನಲ್ಲಿ ಆಲೋಚಿಸಿದ್ದರು. ತಮ್ಮ ಲೇಖನದಲ್ಲಿ ಅವರ ಹೆಸರನ್ನು ಉಲ್ಲೇಖಿಸದಿದ್ದ ಕಾರಣ ಫ್ಯಾರಡೆಯವರ ಮೇಲೆ ಆಕ್ಷೇಪಣೆಗಳು ಬಂದವು. ವೊಲಾಸ್ಟನ್ ಅವರ ಪ್ರಯೋಗ ತಂತಿಯನ್ನು ತನ್ನ ಅಕ್ಷದ ಮೇಲೆಯೇ ತಿರುಗಿಸುವ ಪ್ರಯತ್ನವಾಗಿದ್ದು, ಫ್ಯಾರಡೆಯವರದು ಬೇರೆಯದೇ ಆಗಿತ್ತು. ಆದರೂ ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಇವರ ಹೆಸರು ಸೂಚಿತವಾದಾಗ, ಸೊಸೈಟಿಯ ಅಧ್ಯಕ್ಷರೂ ಇವರನ್ನು ಬೆಳೆಸಿದ ಗುರುಗಳೂ ಆಗಿದ್ದ ಡೇವಿ ಅವರೇ ವಿರೋಧ ವ್ಯಕ್ತಪಡಿಸಿದರು. 1824ರ ಜನವರಿಯಲ್ಲಿ ಒಂದೇ ಒಂದು ವಿರೋಧ ಮತದೊಂದಿಗೆ ಫ್ಯಾರಡೆ ಆಯ್ಕೆಯಾದರು. ಗುರುವಿನ ಬಗ್ಗೆ ಇವರಿಗಿದ್ದ ಗೌರವ ಮಾತ್ರ ಕಡಿಮೆಯಾಗಲಿಲ್ಲ.

ಚಲನೆಯಿಂದ ವಿದ್ಯುತ್: 1831ರ ಮಹತ್ವದ ಶೋಧನೆ

ವಿದ್ಯುತ್ತಿನಿಂದ ಕಾಂತತ್ವ ಹುಟ್ಟುವುದಾದರೆ, ಕಾಂತತ್ವದಿಂದ ವಿದ್ಯುತ್ ಹುಟ್ಟಬೇಕಲ್ಲವೇ ಎಂಬ ಪ್ರಶ್ನೆ ಸುಮಾರು ಹತ್ತು ವರ್ಷಗಳ ಕಾಲ ಇವರ ಮನಸ್ಸಿನಲ್ಲಿತ್ತು. 1824, 1825 ಮತ್ತು 1828ರಲ್ಲಿ ನಡೆಸಿದ ಪ್ರಯತ್ನಗಳು ವಿಫಲವಾದವು. 1831ರ ಆಗಸ್ಟ್ 29ರಂದು ಮೆದು ಕಬ್ಬಿಣದ ಉಂಗುರವೊಂದರ ಎರಡು ಪಾರ್ಶ್ವಗಳಿಗೆ ಪ್ರತ್ಯೇಕವಾಗಿ ತಾಮ್ರದ ತಂತಿಯ ಸುರುಳಿಗಳನ್ನು ಸುತ್ತಿದರು. ತಂತಿಗಳು ಪರಸ್ಪರ ತಾಗದಂತೆ ನಡುವೆ ಬಟ್ಟೆ ಮತ್ತು ದಾರವನ್ನು ಇರಿಸಲಾಗಿತ್ತು. ಒಂದು ಸುರುಳಿಯನ್ನು ಬ್ಯಾಟರಿಗೆ ಜೋಡಿಸಿದರು. ಇನ್ನೊಂದರ ತಂತಿಯನ್ನು ಕಾಂತಸೂಜಿಯೊಂದರ ಮೇಲಿನಿಂದ ಹಾಯಿಸಿದರು.

ಬ್ಯಾಟರಿಯನ್ನು ಜೋಡಿಸಿದ ಕ್ಷಣದಲ್ಲಿ ಸೂಜಿ ಅಲುಗಿ ಮತ್ತೆ ಸ್ವಸ್ಥಾನಕ್ಕೆ ಬಂದಿತು. ಪ್ರವಾಹ ಸ್ಥಿರವಾಗಿ ಹರಿಯುತ್ತಿದ್ದಾಗ ಅದು ಅಲುಗಲಿಲ್ಲ. ಬ್ಯಾಟರಿಯನ್ನು ಬೇರ್ಪಡಿಸಿದ ಕ್ಷಣದಲ್ಲಿ ಪುನಃ ಅಲುಗಿತು. ಹಿಂದಿನ ಪ್ರಯತ್ನಗಳು ಏಕೆ ವಿಫಲವಾಗಿದ್ದವು ಎಂಬುದಕ್ಕೆ ಇದರಲ್ಲಿಯೇ ಉತ್ತರವಿತ್ತು. ಕಾಂತಕ್ಷೇತ್ರ ಇದ್ದರೆ ಸಾಲದು, ಅದು ಬದಲಾಗುತ್ತಿರಬೇಕು. ಅಕ್ಟೋಬರ್ 17ರಂದು ಸುರುಳಿಯೊಳಗೆ ಕಾಂತದ ಸರಳನ್ನು ತೂರಿಸಿ ಹೊರತೆಗೆದಾಗ ಬ್ಯಾಟರಿಯೇ ಇಲ್ಲದೆ ವಿದ್ಯುತ್ ಹುಟ್ಟಿತು. ಅಕ್ಟೋಬರ್ 28ರಂದು ಬಲವಾದ ಕಾಂತದ ಧ್ರುವಗಳ ನಡುವೆ ತಾಮ್ರದ ತಟ್ಟೆಯನ್ನು ತಿರುಗಿಸಿ ನಿರಂತರ ಪ್ರವಾಹವನ್ನು ಪಡೆದರು. ಇದು ಜನರೇಟರಿನ ಮೊದಲ ರೂಪ. ಈ ಫಲಿತಾಂಶಗಳನ್ನು ನವೆಂಬರ್ 24ರಂದು ರಾಯಲ್ ಸೊಸೈಟಿಯ ಮುಂದೆ ಮಂಡಿಸಲಾಯಿತು. ಅಮೆರಿಕದ ಜೋಸೆಫ್ ಹೆನ್ರಿ ಅವರೂ ಸ್ವತಂತ್ರವಾಗಿ ಇದೇ ತತ್ತ್ವವನ್ನು ಕಂಡುಕೊಂಡಿದ್ದರು. ಈ ವಿದ್ಯಮಾನಕ್ಕೆ ವಿದ್ಯುತ್ಕಾಂತೀಯ ಪ್ರೇರಣೆ ಎಂದು ಹೆಸರು.

ಇಲ್ಲಿ ಇನ್ನೊಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಪ್ರೇರಿತವಾದ ವಿದ್ಯುತ್ ಪ್ರವಾಹವು ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನು ಸದಾ ವಿರೋಧಿಸುತ್ತದೆ. ಇದನ್ನು 1834ರಲ್ಲಿ ಲೆನ್ಜ್ ಎಂಬ ವಿಜ್ಞಾನಿ ನಿಯಮವಾಗಿ ರೂಪಿಸಿದರು. ಸೈಕಲ್ಲಿಗೆ ಡೈನಮೋ ಜೋಡಿಸಿ ಸವಾರಿ ಮಾಡಿದವರಿಗೆ ಇದರ ಅನುಭವವಿರುತ್ತದೆ: ದೀಪ ಉರಿಯುತ್ತಿರುವಾಗ ಪೆಡಲ್ ತುಳಿಯಲು ಹೆಚ್ಚು ಶ್ರಮ ಬೇಕಾಗುತ್ತದೆ. ಆ ಹೆಚ್ಚಿನ ಶ್ರಮವೇ ಬೆಳಕಾಗಿ ಪರಿವರ್ತನೆಗೊಳ್ಳುತ್ತದೆ. ವಿದ್ಯುತ್ ಯಾವ ಕಾಲಕ್ಕೂ ಪುಕ್ಕಟೆಯಾಗಿ ಉತ್ಪತ್ತಿಯಾಗುವುದಿಲ್ಲ. ಜಲವಿದ್ಯುತ್ ಕೇಂದ್ರದಲ್ಲಿ ಎತ್ತರದಿಂದ ಧುಮುಕುವ ನೀರು ಟರ್ಬೈನನ್ನು ತಿರುಗಿಸಿದರೆ, ಶಾಖೋತ್ಪನ್ನ ಕೇಂದ್ರದಲ್ಲಿ ಕಲ್ಲಿದ್ದಲು ಉರಿಸಿ ಪಡೆದ ಹಬೆ ಆ ಕೆಲಸವನ್ನು ಮಾಡುತ್ತದೆ. ಒಂದು ದೀಪವನ್ನು ಅನಗತ್ಯವಾಗಿ ಉರಿಸಿದಾಗ ಅಷ್ಟರಮಟ್ಟಿಗೆ ಎಲ್ಲೋ ನೀರು ಅಥವಾ ಇಂಧನ ಖರ್ಚಾಗುತ್ತದೆ.

ಟ್ರಾನ್ಸ್‌ಫಾರ್ಮರ್ ಮತ್ತು ಮೀಟರ್

ರಸ್ತೆ ಬದಿಯ ಕಂಬದ ಮೇಲಿರುವ ಟ್ರಾನ್ಸ್‌ಫಾರ್ಮರ್ ಫ್ಯಾರಡೆಯವರ ಕಬ್ಬಿಣದ ಉಂಗುರದ ವಂಶಕ್ಕೇ ಸೇರಿದ್ದು. ಒಂದು ಸುರುಳಿಯಲ್ಲಿ ಸೆಕೆಂಡಿಗೆ 50 ಆವರ್ತಗಳಂತೆ ಬದಲಾಗುವ ಪರ್ಯಾಯ ಪ್ರವಾಹ ಹರಿದಾಗ, ಎರಡನೆಯ ಸುರುಳಿಯಲ್ಲಿ ವಿದ್ಯುತ್ ಪ್ರೇರಿತವಾಗುತ್ತದೆ. ಸುತ್ತುಗಳ ಸಂಖ್ಯೆ ಕಡಿಮೆಯಿರುವ ಕಡೆ ಒತ್ತಡ ಕಡಿಮೆ, ಹೆಚ್ಚಿರುವ ಕಡೆ ಒತ್ತಡ ಹೆಚ್ಚು. ಬಡಾವಣೆಗೆ 11,000 ವೋಲ್ಟ್ ಒತ್ತಡದಲ್ಲಿ ಬರುವ ವಿದ್ಯುತ್ತನ್ನು ಮೂರು ಫೇಸ್ ಸಂಪರ್ಕಕ್ಕೆ ಸುಮಾರು 400 ವೋಲ್ಟ್, ಒಂದು ಫೇಸ್ ಸಂಪರ್ಕಕ್ಕೆ ಸುಮಾರು 230 ವೋಲ್ಟ್ ಆಗಿ ತಗ್ಗಿಸುವುದು ಹೀಗೆ.

ಇಷ್ಟು ಹೆಚ್ಚಿನ ಒತ್ತಡದಲ್ಲಿ ಸಾಗಿಸುವುದೇಕೆ ಎಂಬ ಪ್ರಶ್ನೆ ಸಹಜ. ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಒತ್ತಡವನ್ನು ಹತ್ತು ಪಟ್ಟು ಹೆಚ್ಚಿಸಿದರೆ ಅಷ್ಟೇ ಶಕ್ತಿಯನ್ನು ಹತ್ತನೆಯ ಒಂದು ಪಾಲು ಪ್ರವಾಹದಲ್ಲಿ ಸಾಗಿಸಬಹುದು. ಆಗ ಅದೇ ತಂತಿಯಲ್ಲಿ ನಷ್ಟ ನೂರನೆಯ ಒಂದು ಪಾಲಿಗೆ ಇಳಿಯುತ್ತದೆ.

ಮನೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ, ತಟ್ಟೆ ತಿರುಗುವ ಮೀಟರಿಗೂ ಇದೇ ತತ್ತ್ವ ಆಧಾರ. ತಿರುಗುವ ತಾಮ್ರದ ತಟ್ಟೆಯು ಹತ್ತಿರದ ಕಾಂತಸೂಜಿಯನ್ನು ತನ್ನೊಡನೆ ಎಳೆದುಕೊಳ್ಳುವುದನ್ನು ಫ್ರಾನ್ಸಿನ ಅರಾಗೊ 1824ರಲ್ಲಿ ಗಮನಿಸಿದ್ದರು. ಕಾರಣವನ್ನು ವಿವರಿಸಿದವರು ಫ್ಯಾರಡೆ: ತಟ್ಟೆಯಲ್ಲಿ ಪ್ರೇರಿತವಾಗುವ ಸುಳಿ ಪ್ರವಾಹಗಳೇ ಈ ಎಳೆತವನ್ನು ಉಂಟುಮಾಡುತ್ತವೆ. ಮೀಟರಿನಲ್ಲಿ ಸುರುಳಿಗಳು ಅಲ್ಯೂಮಿನಿಯಂ ತಟ್ಟೆಯನ್ನು ಬಳಕೆಗೆ ತಕ್ಕಂತೆ ತಿರುಗಿಸುತ್ತವೆ. ಶಾಶ್ವತ ಕಾಂತವೊಂದು ಬ್ರೇಕಿನಂತೆ ಅದನ್ನು ಹತೋಟಿಯಲ್ಲಿಡುತ್ತದೆ. ತಟ್ಟೆಯ ಸುತ್ತುಗಳನ್ನು ಎಣಿಸಿದರೆ ಬಳಸಿದ ಶಕ್ತಿಯ ಲೆಕ್ಕ ದೊರೆಯುತ್ತದೆ. ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ತಿರುಗುವ ತಟ್ಟೆ ಇರುವುದಿಲ್ಲವಾದರೂ ಯೂನಿಟ್‌ನ ಅರ್ಥ ಒಂದೇ. 100 ವ್ಯಾಟ್‌ನ ಬಲ್ಬ್ 10 ಗಂಟೆ ಉರಿದರೆ ಒಂದು ಯೂನಿಟ್, ಅಂದರೆ ಒಂದು ಕಿಲೋವ್ಯಾಟ್ ಗಂಟೆ. 1000 ವ್ಯಾಟ್‌ನ ಹೀಟರ್ ಇಷ್ಟೇ ಶಕ್ತಿಯನ್ನು ಒಂದೇ ಗಂಟೆಯಲ್ಲಿ ಬಳಸುತ್ತದೆ.

ಅಡುಗೆಮನೆಯ ಇಂಡಕ್ಷನ್ ಒಲೆಯೂ ಇದಕ್ಕೆ ಇನ್ನೊಂದು ನಿದರ್ಶನ. ಒಲೆಯೊಳಗಿನ ಸುರುಳಿ ಪಾತ್ರೆಯ ತಳದಲ್ಲಿಯೇ ಸುಳಿ ಪ್ರವಾಹಗಳನ್ನು ಪ್ರೇರಿಸಿ ಅದನ್ನು ಬಿಸಿಮಾಡುತ್ತದೆ. ಕಾಂತಕ್ಕೆ ಅಂಟುವ ತಳವಿರುವ ಪಾತ್ರೆಗಳನ್ನೇ ಇದಕ್ಕೆ ಬಳಸಬೇಕೆಂದು ಹೇಳುವುದು ಈ ಕಾರಣದಿಂದ.

ವಿದ್ಯುದ್ವಿಭಜನೆ ಮತ್ತು ವಿದ್ಯುದಾವೇಶ

1832ರಿಂದ 1834ರ ಅವಧಿಯಲ್ಲಿ ದ್ರಾವಣಗಳ ಮೂಲಕ ವಿದ್ಯುತ್ ಹರಿದಾಗ ಉಂಟಾಗುವ ರಾಸಾಯನಿಕ ಬದಲಾವಣೆಗಳನ್ನು ಅಳೆದು ಫ್ಯಾರಡೆ ಎರಡು ನಿಯಮಗಳನ್ನು ರೂಪಿಸಿದರು. ಹರಿದ ವಿದ್ಯುದಾವೇಶ ಹೆಚ್ಚಿದಂತೆ ಬೇರ್ಪಡುವ ವಸ್ತುವಿನ ಪ್ರಮಾಣವೂ ಅದೇ ಅನುಪಾತದಲ್ಲಿ ಹೆಚ್ಚುತ್ತದೆ ಎಂಬುದು ಮೊದಲನೆಯದು. ಒಂದೇ ಪ್ರಮಾಣದ ಆವೇಶದಿಂದ ಬೇರ್ಪಡುವ ಬೇರೆ ಬೇರೆ ವಸ್ತುಗಳ ತೂಕ ಅವುಗಳ ರಾಸಾಯನಿಕ ಸಮಾನ ತೂಕಕ್ಕೆ ಅನುಗುಣವಾಗಿರುತ್ತದೆ ಎಂಬುದು ಎರಡನೆಯದು. ಆಭರಣಗಳಿಗೆ ಚಿನ್ನದ ಲೇಪನ ಮಾಡುವುದು ಮತ್ತು ತಾಮ್ರವನ್ನು ಶುದ್ಧೀಕರಿಸುವುದು ಈ ನಿಯಮಗಳನ್ನು ಅನುಸರಿಸುತ್ತವೆ. ವಿದ್ವಾಂಸ ವಿಲಿಯಂ ಹ್ಯೂವೆಲ್ ಅವರ ನೆರವಿನಿಂದ ಅಯಾನ್, ಆನೋಡ್, ಕ್ಯಾಥೋಡ್ ಮುಂತಾದ ಪದಗಳು ಈ ಕಾಲದಲ್ಲಿಯೇ ಬಳಕೆಗೆ ಬಂದವು.

ವಿದ್ಯುದಾವೇಶವನ್ನು ಹಿಡಿದಿಡುವ ಕೆಪಾಸಿಟರಿನ ಸಾಮರ್ಥ್ಯವನ್ನು ಅಳೆಯುವ ಮಾನಕ್ಕೆ ಇವರ ಗೌರವಾರ್ಥ ಫ್ಯಾರಡ್ ಎಂದು ಹೆಸರಿಡಲಾಗಿದೆ. 1881ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ಸಮಾವೇಶವು ಇದನ್ನು ಅಂಗೀಕರಿಸಿತು. ಸಾಮಾನ್ಯ ಸೀಲಿಂಗ್ ಫ್ಯಾನಿನ ಕೆಪಾಸಿಟರ್ ಮೇಲೆ 2.5 ಮೈಕ್ರೋಫ್ಯಾರಡ್ ಎಂಬಂತಹ ಗುರುತನ್ನು ಕಾಣಬಹುದು. ಇದು ಕೆಟ್ಟಾಗ ಫ್ಯಾನು ನಿಧಾನವಾಗಿ ತಿರುಗುತ್ತದೆ ಅಥವಾ ಕೈಯಿಂದ ತಳ್ಳದ ಹೊರತು ಆರಂಭವಾಗುವುದಿಲ್ಲ.

ಲೋಹದ ಕೋಣೆಯ ಪ್ರಯೋಗ

1836ರಲ್ಲಿ ಫ್ಯಾರಡೆಯವರು ಉಪನ್ಯಾಸ ಮಂದಿರದಲ್ಲಿ ಸುಮಾರು 12 ಅಡಿ ಉದ್ದ, ಅಗಲ ಮತ್ತು ಎತ್ತರದ ಚೌಕಟ್ಟನ್ನು ನಿರ್ಮಿಸಿ, ಅದಕ್ಕೆ ಲೋಹದ ಹೊದಿಕೆ ಹಾಕಿಸಿದರು. ಹೊರಮೈಗೆ ಕಿಡಿ ಹಾರುವಷ್ಟು ಪ್ರಬಲವಾಗಿ ವಿದ್ಯುದಾವೇಶ ನೀಡಿದಾಗ, ಇವರು ಸೂಕ್ಷ್ಮ ಉಪಕರಣಗಳೊಡನೆ ಅದರ ಒಳಗೆ ಇದ್ದರು. ಒಳಭಾಗದಲ್ಲಿ ವಿದ್ಯುತ್ತಿನ ಯಾವ ಪರಿಣಾಮವೂ ಕಂಡುಬರಲಿಲ್ಲ. ಆವೇಶವು ಲೋಹದ ಹೊರಮೈಯಲ್ಲಿಯೇ ಉಳಿಯುತ್ತದೆ ಎಂಬುದು ಸಿದ್ಧವಾಯಿತು.

ಗುಡುಗು ಸಿಡಿಲಿನ ಸಮಯದಲ್ಲಿ ಲೋಹದ ಚಾವಣಿಯಿರುವ ಮುಚ್ಚಿದ ಕಾರು ಅಥವಾ ಬಸ್ಸು ಒಳಗಿರುವವರಿಗೆ ರಕ್ಷಣೆ ನೀಡುವುದು ಇದೇ ಕಾರಣದಿಂದ. ಮರದ ಕೆಳಗೆ ನಿಲ್ಲುವುದು ಮಾತ್ರ ಅತ್ಯಂತ ಅಪಾಯಕಾರಿ. ಹೊಲಗದ್ದೆಗಳಲ್ಲಿ ಕೆಲಸ ಮಾಡುವವರು ಸಿಡಿಲಿನ ಸೂಚನೆ ಕಂಡೊಡನೆ ಕಟ್ಟಡದ ಒಳಗೆ ಆಶ್ರಯ ಪಡೆಯುವುದು ಸೂಕ್ತ.

ಹ್ಯಾಸ್‌ವೆಲ್ ಗಣಿ ದುರಂತದ ತನಿಖೆ

1844ರ ಸೆಪ್ಟೆಂಬರ್ 28ರಂದು ಇಂಗ್ಲೆಂಡಿನ ಡರ್ಹ್ಯಾಮ್ ಪ್ರಾಂತ್ಯದ ಹ್ಯಾಸ್‌ವೆಲ್ ಕಲ್ಲಿದ್ದಲು ಗಣಿಯಲ್ಲಿ ಸಂಭವಿಸಿದ ಸ್ಫೋಟದಲ್ಲಿ 95 ಮಂದಿ ಪುರುಷರು ಮತ್ತು ಬಾಲಕರು ಮೃತಪಟ್ಟರು. ಸರ್ಕಾರದ ಕೋರಿಕೆಯ ಮೇರೆಗೆ ಫ್ಯಾರಡೆ ಹಾಗೂ ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ತನಿಖೆಗೆ ತೆರಳಿ, ಗಣಿಯೊಳಗೆ ಇಳಿದು ಪರಿಶೀಲಿಸಿದರು. ಅನಿಲ ಹೊತ್ತಿಕೊಂಡಾಗ ಎದ್ದ ಕಲ್ಲಿದ್ದಲಿನ ಧೂಳು ತಾನೂ ಉರಿದು ಬೆಂಕಿಯನ್ನು ಇನ್ನಷ್ಟು ಹರಡಿತೆಂದು ಇವರು ವರದಿಯಲ್ಲಿ ತಿಳಿಸಿದರು. ಅಗೆದು ಬಿಟ್ಟ ಭಾಗಗಳಲ್ಲಿ ಶೇಖರವಾಗುವ ಅನಿಲವನ್ನು ಕೊಳವೆಗಳ ಮೂಲಕ ಹೊರಸೆಳೆಯುವಂತೆ ಸಲಹೆ ನೀಡಿದರು.

ವೆಚ್ಚ ಹೆಚ್ಚೆಂಬ ಕಾರಣ ನೀಡಿ ಗಣಿ ಮಾಲೀಕರು ಈ ಸಲಹೆಯನ್ನು ಒಪ್ಪಲಿಲ್ಲ. ಧೂಳಿನ ಅಪಾಯದ ಕುರಿತ ಎಚ್ಚರಿಕೆಯೂ ದಶಕಗಳ ಕಾಲ ಕಡೆಗಣಿಸಲ್ಪಟ್ಟು, ಅನೇಕ ಗಣಿಗಳಲ್ಲಿ ಕಾರ್ಮಿಕರ ಜೀವಹಾನಿ ಮುಂದುವರಿಯಿತು. ಅಪಾಯದ ಕಾರಣ ತಿಳಿದ ಮೇಲೂ ಖರ್ಚಿನ ನೆಪದಲ್ಲಿ ಮುಂಜಾಗ್ರತೆಯನ್ನು ಮುಂದೂಡಿದರೆ ಅದರ ಬೆಲೆಯನ್ನು ಬೇರೆಯವರು ತೆರಬೇಕಾಗುತ್ತದೆ ಎಂಬುದಕ್ಕೆ ಈ ಘಟನೆ ಸಾಕ್ಷಿಯಾಗಿದೆ. ಉರಿಯಬಲ್ಲ ನುಣ್ಣನೆಯ ಧೂಳು ಗಾಳಿಯಲ್ಲಿ ತುಂಬಿದಾಗ ಸ್ಫೋಟಿಸಬಲ್ಲದೆಂಬುದು ಹಿಟ್ಟಿನ ಗಿರಣಿಗಳಿಗೂ ಅನ್ವಯಿಸುತ್ತದೆ. ಅಂತಹ ಕಡೆ ಕಿಡಿ ಹಾರುವ ಸ್ವಿಚ್ಚು ಅಥವಾ ಸಡಿಲ ತಂತಿ ಇರಬಾರದು.

ಸಾರ್ವಜನಿಕ ಸೇವೆ

ಕಾರ್ಖಾನೆಗಳಿಗೆ ಸಲಹೆ ನೀಡಿ ಹೇರಳ ಹಣ ಗಳಿಸುವ ಅವಕಾಶ ಫ್ಯಾರಡೆಯವರಿಗೆ ಇತ್ತು. 1830ರ ದಶಕದ ಆರಂಭದಲ್ಲಿ ಅಂತಹ ಕೆಲಸಗಳನ್ನು ಬಹುಮಟ್ಟಿಗೆ ಕೈಬಿಟ್ಟು ಸಂಶೋಧನೆಗೆ ತಮ್ಮನ್ನು ಅರ್ಪಿಸಿಕೊಂಡರು. ಆದರೆ ಸಾರ್ವಜನಿಕ ಹಿತದ ಕೆಲಸಗಳಿಗೆ ಸಮಯ ನೀಡಲು ಹಿಂಜರಿಯಲಿಲ್ಲ. 1836ರಿಂದ 1865ರವರೆಗೆ ದೀಪಸ್ತಂಭಗಳ ಆಡಳಿತ ಸಂಸ್ಥೆಯಾದ ಟ್ರಿನಿಟಿ ಹೌಸ್‌ಗೆ ವೈಜ್ಞಾನಿಕ ಸಲಹೆಗಾರರಾಗಿದ್ದರು. ಎಣ್ಣೆ ದೀಪದಿಂದ ಹೊರಡುವ ತೇವಾಂಶ ದೀಪಸ್ತಂಭದ ಗಾಜಿನ ಮೇಲೆ ಕಟ್ಟಿಕೊಂಡು ಬೆಳಕನ್ನು ಮಸುಕಾಗಿಸುತ್ತಿತ್ತು. ಅದನ್ನು ಹೊರಸಾಗಿಸುವ ಹೊಗೆಕೊಳವೆಯನ್ನು ಇವರು ರೂಪಿಸಿ, ಅದರ ಪೇಟೆಂಟ್ ಹಕ್ಕನ್ನು ಅಣ್ಣ ರಾಬರ್ಟ್ ಅವರಿಗೆ ಬಿಟ್ಟುಕೊಟ್ಟರು. 1858ರಲ್ಲಿ ಸೌತ್ ಫೋರ್‌ಲ್ಯಾಂಡ್ ದೀಪಸ್ತಂಭದಲ್ಲಿ ಜನರೇಟರಿನಿಂದ ಪಡೆದ ವಿದ್ಯುತ್ ಬೆಳಕಿನ ಪರೀಕ್ಷೆ ಇವರ ಮೇಲ್ವಿಚಾರಣೆಯಲ್ಲಿ ನಡೆಯಿತು.

1853ರಲ್ಲಿ ಲಂಡನ್ನಿನಲ್ಲಿ ಪ್ರೇತಗಳ ಪ್ರಭಾವದಿಂದ ಮೇಜು ತಾನಾಗಿ ಚಲಿಸುತ್ತದೆಂಬ ನಂಬಿಕೆ ಹರಡಿತ್ತು. ಫ್ಯಾರಡೆಯವರು ಎರಡು ಹಲಗೆಗಳ ನಡುವೆ ಗಾಜಿನ ಉರುಳೆಗಳನ್ನಿರಿಸಿ, ಬಲ ಯಾವ ಕಡೆಯಿಂದ ಬರುತ್ತಿದೆ ಎಂಬುದನ್ನು ತೋರಿಸುವ ಕಡ್ಡಿಯೊಂದನ್ನು ಜೋಡಿಸಿದರು. ಸುತ್ತ ಕುಳಿತವರ ಕೈಗಳೇ ಅರಿವಿಲ್ಲದೆ ಮೇಜನ್ನು ತಳ್ಳುತ್ತಿದ್ದವು ಎಂಬುದು ಸ್ಪಷ್ಟವಾಯಿತು. ಕಡ್ಡಿಯ ಚಲನೆ ಕಣ್ಣಿಗೆ ಕಾಣುವಂತೆ ಇರಿಸಿದೊಡನೆ ಮೇಜಿನ ಚಲನೆಯೂ ನಿಂತಿತು. 1855ರ ಜುಲೈನಲ್ಲಿ ಥೇಮ್ಸ್ ನದಿಯಲ್ಲಿ ಪ್ರಯಾಣಿಸುವಾಗ ಬಿಳಿಯ ಕಾಗದದ ಚೂರುಗಳನ್ನು ನೀರಿಗೆ ಬಿಟ್ಟು, ಅವು ಒಂದು ಅಂಗುಲ ಮುಳುಗುವ ಮೊದಲೇ ಕಾಣದಾಗುವುದನ್ನು ಗಮನಿಸಿ, ನದಿಯ ಮಾಲಿನ್ಯದ ಬಗ್ಗೆ ಪತ್ರಿಕೆಗೆ ಬರೆದರು. ಮೂರು ವರ್ಷಗಳ ನಂತರ ನದಿಯ ದುರ್ವಾಸನೆ ಅಸಹನೀಯವಾದಾಗ ಲಂಡನ್ನಿನ ಒಳಚರಂಡಿ ನಿರ್ಮಾಣಕ್ಕೆ ಕಾನೂನಿನ ಬೆಂಬಲ ದೊರೆಯಿತು.

ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಾರ್ವಜನಿಕರಿಗಾಗಿ ಶುಕ್ರವಾರ ಸಂಜೆಯ ಉಪನ್ಯಾಸಗಳು ಇವರ ಆಸಕ್ತಿಯಿಂದ ನೆಲೆಗೊಂಡವು. ಮಕ್ಕಳಿಗಾಗಿ ನಡೆಯುವ ಕ್ರಿಸ್‌ಮಸ್ ಉಪನ್ಯಾಸ ಮಾಲಿಕೆಯನ್ನು 1827ರಿಂದ 1860ರ ನಡುವೆ 19 ಬಾರಿ ಇವರೇ ನಡೆಸಿಕೊಟ್ಟರು. ಒಂದು ಮೇಣದ ಬತ್ತಿಯ ಉರಿಯನ್ನು ಆಧರಿಸಿ ರಸಾಯನಶಾಸ್ತ್ರವನ್ನು ವಿವರಿಸಿದ ಇವರ ಉಪನ್ಯಾಸಗಳು ಪುಸ್ತಕರೂಪದಲ್ಲಿಯೂ ಜನಪ್ರಿಯವಾಗಿವೆ.

ಕೊನೆಯ ದಿನಗಳು

ಫ್ಯಾರಡೆಯವರು 1821ರಲ್ಲಿ ಸಾರಾ ಬರ್ನಾರ್ಡ್ ಅವರನ್ನು ವಿವಾಹವಾದರು. ದಂಪತಿಗೆ ಮಕ್ಕಳಿರಲಿಲ್ಲ. 1840ರ ಸುಮಾರಿಗೆ ಇವರ ಆರೋಗ್ಯ ತೀವ್ರವಾಗಿ ಕೆಟ್ಟು, ನೆನಪಿನ ಶಕ್ತಿ ಕುಂದಿತು. ಮಾಡಿದ ಪ್ರತಿ ಪ್ರಯೋಗಕ್ಕೂ ಕ್ರಮಸಂಖ್ಯೆ ನೀಡಿ ದಿನಚರಿಯಲ್ಲಿ ಬರೆದಿಡುವ ಶಿಸ್ತು ಆಗ ಇವರ ಆಸರೆಯಾಯಿತು. ಚೇತರಿಸಿಕೊಂಡು 1845ರಲ್ಲಿ ಕಾಂತಕ್ಷೇತ್ರವು ಬೆಳಕಿನ ಮೇಲೂ ಪ್ರಭಾವ ಬೀರುತ್ತದೆ ಎಂಬುದನ್ನು ಕಂಡುಹಿಡಿದರು. ಉನ್ನತ ಗಣಿತ ಇವರಿಗೆ ತಿಳಿದಿರಲಿಲ್ಲ. ಕಾಂತದ ಸುತ್ತ ಕಬ್ಬಿಣದ ಪುಡಿ ಮೂಡಿಸುವ ಗೆರೆಗಳನ್ನು ನೋಡಿ ಇವರು ಕಲ್ಪಿಸಿದ ಬಲರೇಖೆಗಳಿಗೆ ಮುಂದೆ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಗಣಿತದ ರೂಪ ನೀಡಿದರು. ರೇಡಿಯೋ ಮತ್ತು ಮೊಬೈಲ್ ದೂರವಾಣಿಯ ತಂತ್ರಜ್ಞಾನಕ್ಕೆ ಆ ಸಿದ್ಧಾಂತವೇ ಅಡಿಪಾಯ.

ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿಯನ್ನು ಎರಡು ಬಾರಿ ಹಾಗೂ ಸರ್ ಪದವಿಯನ್ನು ಇವರು ವಿನಯದಿಂದ ನಿರಾಕರಿಸಿದರು. 1858ರಲ್ಲಿ ವಿಕ್ಟೋರಿಯಾ ರಾಣಿ ಹ್ಯಾಂಪ್ಟನ್ ಕೋರ್ಟ್ ಬಳಿ ವಾಸಕ್ಕೆ ಮನೆಯೊಂದನ್ನು ಒದಗಿಸಿದರು. ಅಲ್ಲಿಯೇ 1867ರ ಆಗಸ್ಟ್ 25ರಂದು ಫ್ಯಾರಡೆಯವರು ನಿಧನರಾದರು. ಇವರ ಸಮಾಧಿ ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿದೆ.

ಕರ್ನಾಟಕದಲ್ಲಿ ಆ ತತ್ತ್ವದ ಬಳಕೆ

ಫ್ಯಾರಡೆಯವರು ನಿಧನರಾದ 35 ವರ್ಷಗಳ ನಂತರ, 1902ರ ಜೂನ್ 30ರಂದು ಮೈಸೂರು ಸಂಸ್ಥಾನದ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳಿಗೆ ಹರಿಸಲಾಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ವಿದ್ಯುತ್ ದೀಪಗಳು ಬೆಳಗಿದವು. ಕಾವೇರಿಯ ಧುಮುಕುವ ನೀರು ಜನರೇಟರನ್ನು ತಿರುಗಿಸಿದ್ದು, ಟ್ರಾನ್ಸ್‌ಫಾರ್ಮರ್ ಒತ್ತಡವನ್ನು ಹೆಚ್ಚಿಸಿ ತಗ್ಗಿಸಿದ್ದು, ಗಣಿಯಲ್ಲಿ ಮೋಟಾರುಗಳು ಓಡಿದ್ದು, ಈ ಮೂರೂ 1821 ಮತ್ತು 1831ರ ಪ್ರಯೋಗಗಳಲ್ಲಿ ಕಂಡ ತತ್ತ್ವಗಳ ಬಳಕೆಯೇ ಆಗಿದ್ದವು.

ನಾಗರಿಕರ ಗಮನಕ್ಕೆ

ಫ್ಯಾರಡೆಯವರ ಉಂಗುರ ಇಂದು ಮನೆಯ ಸ್ವಿಚ್ ಬೋರ್ಡಿನಲ್ಲಿಯೂ ಇದೆ. ವಿದ್ಯುತ್ ಸೋರಿಕೆಯಾದಾಗ ತಾನಾಗಿ ಸಂಪರ್ಕ ಕಡಿಯುವ ಆರ್.ಸಿ.ಸಿ.ಬಿ. ಎಂಬ ಸಾಧನದೊಳಗೆ ಒಂದು ಪುಟ್ಟ ಉಂಗುರವಿದ್ದು, ಅದರ ಮೂಲಕ ಫೇಸ್ ಮತ್ತು ನ್ಯೂಟ್ರಲ್ ತಂತಿಗಳೆರಡೂ ಹಾಯುತ್ತವೆ. ಹೋಗುವ ಪ್ರವಾಹವೂ ಹಿಂದಿರುಗುವ ಪ್ರವಾಹವೂ ಸಮನಾಗಿದ್ದರೆ ಉಂಗುರದಲ್ಲಿ ಕಾಂತಪ್ರಭಾವ ಉಂಟಾಗುವುದಿಲ್ಲ. ಪ್ರವಾಹದ ಒಂದು ಪಾಲು ಮನುಷ್ಯನ ದೇಹದ ಮೂಲಕ ನೆಲಕ್ಕೆ ಹರಿದರೆ ಸಮತೋಲನ ತಪ್ಪಿ, ಉಂಗುರಕ್ಕೆ ಸುತ್ತಿದ ಇನ್ನೊಂದು ಸುರುಳಿಯಲ್ಲಿ ವಿದ್ಯುತ್ ಪ್ರೇರಿತವಾಗಿ ಸ್ವಿಚ್ ಬಿಡುಗಡೆಯಾಗುತ್ತದೆ. ಮನೆಗಳಲ್ಲಿ ಜೀವರಕ್ಷಣೆಗಾಗಿ ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿಕೆಗೆ ಸ್ಪಂದಿಸುವ ಸಾಧನವನ್ನು ಬಳಸಲಾಗುತ್ತದೆ.

ಸಂಪರ್ಕ ಪಡೆಯುವ ನಾಗರಿಕರು ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡಬೇಕಾಗಿ ಕೋರಲಾಗಿದೆ:

1. ವೈರಿಂಗ್ ಕಾಮಗಾರಿಯನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸುವುದು.

2. ಅರ್ಜಿಯಲ್ಲಿ ಬಳಸುವ ಉಪಕರಣಗಳ ಭಾರವನ್ನು ಸರಿಯಾಗಿ ನಮೂದಿಸುವುದು. ಮಂಜೂರಾದ ಭಾರಕ್ಕಿಂತ ಹೆಚ್ಚು ಬಳಸಿದಾಗ ತಂತಿ ಹಾಗೂ ಟ್ರಾನ್ಸ್‌ಫಾರ್ಮರ್ ಮಿತಿಮೀರಿ ಬಿಸಿಯಾಗುವ ಸಂಭವವಿರುತ್ತದೆ.

3. ಫ್ರಿಜ್, ಗೀಸರ್, ಇಸ್ತ್ರಿ ಪೆಟ್ಟಿಗೆ, ಪಂಪ್‌ಸೆಟ್ ಮುಂತಾದ ಲೋಹದ ಹೊರಕವಚದ ಉಪಕರಣಗಳಿಗೆ ಅರ್ತಿಂಗ್ ಕಡ್ಡಾಯವಾಗಿ ಇರುವಂತೆ ನೋಡಿಕೊಳ್ಳುವುದು. ಫೇಸ್ ತಂತಿ ಕವಚಕ್ಕೆ ತಗಲಿದಾಗ ಪ್ರವಾಹವು ಅರ್ತ್ ತಂತಿಯ ಮೂಲಕ ಸುಲಭವಾಗಿ ನೆಲಕ್ಕೆ ಹರಿದು ಫ್ಯೂಸ್ ಕರಗುತ್ತದೆ. ಮೂರು ಪಿನ್ನಿನ ಪ್ಲಗ್‌ನಲ್ಲಿ ಉದ್ದವೂ ದಪ್ಪವೂ ಆದ ಪಿನ್ ಅರ್ತಿಂಗ್‌ಗಾಗಿಯೇ ಇರುವುದರಿಂದ ಅದನ್ನು ಕತ್ತರಿಸಬಾರದು.

4. ಸುಟ್ಟುಹೋದ ಫ್ಯೂಸಿನ ಜಾಗದಲ್ಲಿ ದಪ್ಪ ತಂತಿಯನ್ನು ಕಟ್ಟಬಾರದು. ನಿಗದಿತ ಫ್ಯೂಸ್ ತಂತಿಯನ್ನೇ ಹಾಕುವುದು.

5. ತುಂಡಾಗಿ ಬಿದ್ದ ವಿದ್ಯುತ್ ತಂತಿಯನ್ನು ಮುಟ್ಟದೆ, ಇತರರೂ ಹತ್ತಿರ ಹೋಗದಂತೆ ನೋಡಿಕೊಂಡು, ತಕ್ಷಣ ಸಮೀಪದ ವಿದ್ಯುತ್ ಸರಬರಾಜು ಕಚೇರಿಗೆ ತಿಳಿಸುವುದು.

ಹ್ಯಾಸ್‌ವೆಲ್ ಗಣಿಯ ಕಾರ್ಮಿಕರ ಜೀವ ಉಳಿಸಬಹುದಾಗಿದ್ದ ಮುಂಜಾಗ್ರತೆ ಅವರ ಕೈಯಲ್ಲಿರಲಿಲ್ಲ. ಮನೆಯ ಅರ್ತಿಂಗ್ ಮತ್ತು ಫ್ಯೂಸನ್ನು ಸರಿಯಾಗಿ ಇರಿಸಿಕೊಳ್ಳುವುದು ಪ್ರತಿಯೊಬ್ಬ ಗ್ರಾಹಕರ ಕೈಯಲ್ಲಿಯೇ ಇದೆ.